ದರ್ಜಿ ಮತ್ತು ರಾಜಕುಮಾರಿ: 1932ರ ಸಿನಿಮಾದ ಡಿವಿಡಿ ನೋಡಿದೆ

'ಲವ್ ಮಿ ಟುನೈಟ್' ಡಿವಿಡಿ ತರಿಸಿದ್ದೆ. ಡಬ್ಬಿಯ ಮೂಲೆ ಒಡೆದಿತ್ತು, ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಭಾನುವಾರ ಸಂಜೆ ದಾವಣಗೆರೆಯ ನಮ್ಮ ಮನೇಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಕೊಂಡು ಅಪ್ಪನ ಜೊತೆ ಕೂತೆ.

ನಿರ್ದೇಶಕ ರೂಬೆನ್ ಮಮೂಲಿಯನ್. ಶುರುವಿನಲ್ಲೇ ಪ್ಯಾರಿಸ್ ಬೆಳಗಾಗುತ್ತೆ. ಗುದ್ದಲಿ ಏಟು, ಗೊರಕೆ, ಕಸ ಗುಡಿಸುವ ಸದ್ದು ಎಲ್ಲಾ ಸೇರಿ ತಾಳ ಆಗುತ್ತೆ. ಆಮೇಲೆ ದರ್ಜಿ ಅಂಗಡಿಯಲ್ಲಿ ಮಾರಿಸ್ ಶೆವಾಲಿಯೆ ಒಂದು ಹಾಡು ಶುರು ಮಾಡ್ತಾನೆ, ಅದನ್ನ ಗಿರಾಕಿ ಗುನುಗುತ್ತಾ ಬೀದಿಗೆ ಒಯ್ತಾನೆ, ಅವನಿಂದ ಟ್ಯಾಕ್ಸಿಯವನಿಗೆ, ಅಲ್ಲಿಂದ ರೈಲಿನ ಸೈನಿಕರಿಗೆ, ಅವರಿಂದ ಅಲೆಮಾರಿಗಳ ಪಿಟೀಲಿಗೆ, ಕೊನೆಗೆ ದೂರದ ಅರಮನೆಯ ಬಾಲ್ಕನಿಯಲ್ಲಿ ನಿಂತ ರಾಜಕುಮಾರಿ ಜಾನೆಟ್ ಮೆಕ್‌ಡೊನಾಲ್ಡ್ ತನಕ. ಇಬ್ಬರೂ ಇನ್ನೂ ಮುಖ ನೋಡಿಲ್ಲ, ಆದರೆ ಹಾಡು ಆಗಲೇ ಜೋಡಿ ಮಾಡಿಬಿಟ್ಟಿದೆ! ಆ ಭಾಗವನ್ನ ಮೂರು ಸಲ ಹಾಕಿಸಿ ನೋಡಿದೆ. ಮಾತು ಸಿನಿಮಾಕ್ಕೆ ಬಂದು ಐದಾರು ವರ್ಷ ಆಗಿತ್ತಷ್ಟೆ, ಅಷ್ಟರಲ್ಲೇ ಇಷ್ಟು ಧೈರ್ಯ ನೋಡಿ.

ನಮ್ಮಪ್ಪ ನಲವತ್ತು ವರ್ಷ ಟೈಲರ್. ರಾಜಕುಮಾರಿಯ ಕುದುರೆ ಸವಾರಿ ಉಡುಪು ಸರಿಯಿಲ್ಲ ಅಂತ ನಾಯಕ ತಾನೇ ಹೊಸದಾಗಿ ಹೊಲಿಯೋಕೆ ಕೂತಾಗ, "ಅವನ ಕಣ್ಣು ಫಿಟಿಂಗ್ ಮೇಲೇ ಇದೆ ನೋಡವ್ವ, ಕಸುಬುದಾರ" ಅಂದರು.

ಮಿರ್ನಾ ಲಾಯ್ ಪಾತ್ರ ಚಿಕ್ಕದು, ಆದರೆ ಬಾಯಿ ಬಿಟ್ಟಾಗಲೆಲ್ಲ ನಗು. ಮಾತು ತುಂಬಾ ಚುರುಕು, ಸಬ್‌ಟೈಟಲ್ ಹಾಕಿಕೊಳ್ಳಿ. ಒಂದೂವರೆ ಗಂಟೆ ಅಷ್ಟೇ. ಅಪ್ಪ ಮುಂದಿನ ಭಾನುವಾರಕ್ಕೆ ಇಂಥದ್ದೇ ಇನ್ನೊಂದು ತರಿಸು ಅಂದಿದ್ದಾರೆ.