ಕಾಫಿ ಕಣದಲ್ಲಿ ನಾಲ್ಕು ದಾರದ ಪವರ್ ಕೈಟ್

ಚಿಕ್ಕಮಗಳೂರಿನ ಸಮೀಪದ ನಮ್ಮ ತೋಟದಲ್ಲಿ ಬಯಲೆಂದರೆ ಕಾಫಿ ಒಣಗಿಸುವ ಕಣ ಮತ್ತು ಅದರ ಪಕ್ಕದ ಹುಲ್ಲುಜಾಗ ಮಾತ್ರ. ಆದುದರಿಂದ 2 ಚದರ ಮೀಟರಿನ ಈ ಪವರ್ ಕೈಟನ್ನು (ಎರಡೂ ಕೈಗಳ ಹಿಡಿಕೆಗಳಿಂದ ನಡೆಸುವ, ಆಡಿಸುವವರನ್ನೇ ಜೋರಾಗಿ ಎಳೆಯುವ ಗಾಳಿಪಟವನ್ನು) ಕೊಂಡಾಗ ಮನೆಯವರು ನಕ್ಕದ್ದು ಸಹಜವೇ ಆಗಿತ್ತು.

ಜೊತೆಗೆ ಬಂದ ದಾರದ ಉದ್ದ 20 ಮೀಟರ್. ಅಷ್ಟು ದಾರದಲ್ಲಿ ಪಟವು ತನ್ನ ಹಾರಾಟದ ಎಡದ ಅಂಚಿನಿಂದ ಬಲದ ಅಂಚಿಗೆ ಸಾಗಲು ಸುಮಾರು 40 ಮೀಟರ್ ಅಗಲ ಬೇಕಾಗುತ್ತದೆ; ನಮ್ಮಲ್ಲಿ ಅದಕ್ಕೆ ಮೊದಲೇ ಸಿಲ್ವರ್ ಓಕ್ ಮರಗಳು ಎದುರಾಗುತ್ತವೆ. 10 ಮೀಟರಿನ ದಾರವನ್ನು ಬೇರೆಯಾಗಿ ತರಿಸಿ ಕಟ್ಟಿದ ಮೇಲೆಯೇ ಆಟದ ಸ್ವಾರಸ್ಯ ತಿಳಿಯಿತು. ಎಳೆತವೇನೋ ಕಡಿಮೆಯಾಯಿತು, ಆದರೆ ಪಟವು ಒಂದು ಅಂಚಿನಿಂದ ಇನ್ನೊಂದಕ್ಕೆ ಕ್ಷಣಾರ್ಧದಲ್ಲಿ ತಲುಪುವುದರಿಂದ ಕೈಗಳಿಗೆ ಬಿಡುವೇ ಇರುವುದಿಲ್ಲ. ಹಿಡಿಕೆಯ ಕೆಳತುದಿಗೆ ಕಟ್ಟಿದ ಬ್ರೇಕ್ ದಾರಗಳಲ್ಲಿ ಒಂದನ್ನು ಎಳೆದು, ಪಟವನ್ನು ನಿಂತಲ್ಲೇ ಬುಗುರಿಯಂತೆ ತಿರುಗಿಸುವುದನ್ನೂ, ಎರಡನ್ನೂ ಎಳೆದು ಹಿಮ್ಮುಖವಾಗಿ ಇಳಿಸಿ ಗುರುತು ಹಾಕಿದ ಜಾಗದಲ್ಲಿ ನಿಲ್ಲಿಸುವುದನ್ನೂ ಕಲಿಯಲು ನನಗೆ ಇಡೀ ಆಷಾಢವೇ ಹಿಡಿಯಿತು.

ಕೊರತೆಗಳೂ ಇವೆ. ಬ್ರೇಕ್ ದಾರಗಳನ್ನು ಅತಿಯಾಗಿ ಬಿಗಿದು ಕಳುಹಿಸಿದ್ದರಿಂದ ಮೊದಲ ದಿನ ಪಟ ಮೇಲೇಳಲೇ ಇಲ್ಲ. ಕೈಪಿಡಿಯಲ್ಲಿ ಈ ಕುರಿತು ಒಂದಕ್ಷರವೂ ಇಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಮರಗಳ ಮರೆಯಲ್ಲಂತೂ ಗಾಳಿ ಸುಳಿಸುಳಿಯಾಗಿ ಬರುತ್ತದೆ. ಹೀಗಿರುವಾಗ ಥಟ್ಟನೆ ಕೈಬಿಟ್ಟರೂ ಪಟವನ್ನು ಬಲಗುಂದಿಸಿ ನೆಲಕ್ಕಿಳಿಸುವ ಮಣಿಕಟ್ಟಿನ ಪಟ್ಟಿಯನ್ನು ಪ್ರತ್ಯೇಕವಾಗಿ ಮಾರುವುದು ನನಗೆ ಸರಿಕಾಣಲಿಲ್ಲ. ವಿದ್ಯುತ್ ತಂತಿ ಹಾದುಹೋಗುವ ಜಾಗವಿದ್ದವರು ಇದನ್ನು ಕೊಳ್ಳದಿರುವುದೇ ಲೇಸು.