ಇಂಟರ್ನೆಟ್ ಇಲ್ಲದ ಹಳ್ಳಿ ಶಾಲೆಗೆ ಕೋಲಿಬ್ರಿ: ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನೆಟ್ ಇಲ್ಲದೆಯೂ ಮಕ್ಕಳಿಗೆ ವಿಡಿಯೋ, ಪಾಠ, ಪ್ರಶ್ನೆಗಳನ್ನು ತೋರಿಸುವ ಕೋಲಿಬ್ರಿ ಒಳ್ಳೆಯ ಸಾಫ್ಟ್‌ವೇರ್. ಆದರೆ ಹಳ್ಳಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕು ಅಂತ ನೀವು ಇದನ್ನು ಹಾಕಲು ಹೊರಟಿದ್ದರೆ ಸ್ವಲ್ಪ ನಿಲ್ಲಿ. ಇದು ಕಂಪ್ಯೂಟರಿನಲ್ಲಿ ಪಾಠ ಕಲಿಸುತ್ತದೆ. ಕಂಪ್ಯೂಟರ್ ಕಲಿಸುವುದಿಲ್ಲ. ಎರಡೂ ಬೇರೆ ಬೇರೆ ಅಂತ ನಮಗೆ ಹೊಳೆಯಲು ಮೂರು ತಿಂಗಳು ಹಿಡಿಯಿತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಲರ್ನಿಂಗ್ ಈಕ್ವಾಲಿಟಿ ಅನ್ನುವ ಸಂಸ್ಥೆ ಇದೆ, ಲಾಭಕ್ಕೆ ನಡೆಯುವುದಲ್ಲ. 2012ರಲ್ಲಿ ಅವರು ಕೆಎ ಲೈಟ್ ಅಂತ ಒಂದನ್ನು ಮಾಡಿದ್ದರು, ಪುಕ್ಕಟೆ ಪಾಠ ಹಾಕುವ ಖಾನ್ ಅಕಾಡೆಮಿ ಜಾಲತಾಣದ ವಿಡಿಯೋಗಳನ್ನು ಇಂಟರ್ನೆಟ್ ಇಲ್ಲದ ಕಡೆ ನೋಡಲಿಕ್ಕೆ. ಆಮೇಲೆ ಬಂದದ್ದು ಕೋಲಿಬ್ರಿ. ಇದರಲ್ಲಿ ಖಾನ್ ಅಕಾಡೆಮಿ ಒಂದೇ ಅಲ್ಲ, ಪರದೆಯ ಮೇಲೇ ಮಾಡಿ ನೋಡುವ ಫೆಟ್‌ನ ವಿಜ್ಞಾನ ಪ್ರಯೋಗಗಳು, ಸ್ಟೋರಿವೀವರ್‌ನ ಮಕ್ಕಳ ಕಥೆಗಳು, ಹೀಗೆ ಬೇಕಾದಷ್ಟು ಚಾನೆಲ್‌ಗಳು, ಅಂದರೆ ಪಾಠಗಳ ಕಟ್ಟುಗಳು, ಇವೆ. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಕೂಡ ತೆರೆದೇ ಇದೆ, ಯಾರು ಬೇಕಾದರೂ ನೋಡಿ ತಿದ್ದಿಕೊಳ್ಳಬಹುದು.

ಅಳವಡಿಸುವುದು ಹೆದರುವಷ್ಟು ಕಷ್ಟ ಅಲ್ಲ. ಒಂದು ಕಂಪ್ಯೂಟರಿಗೆ ಕೋಲಿಬ್ರಿ ಹಾಕಿ, ಅದನ್ನೇ ಸರ್ವರ್, ಅಂದರೆ ಉಳಿದವಕ್ಕೆ ಪಾಠ ಕಳಿಸುವ ಕಂಪ್ಯೂಟರ್, ಮಾಡಿ, ಒಂದು ವೈಫೈ ರೂಟರ್ ಇಟ್ಟರೆ ಸಾಕು, ಉಳಿದ ಕಂಪ್ಯೂಟರ್‌ಗಳಲ್ಲಿ ಬರೀ ಬ್ರೌಸರ್ ತೆರೆದು ಸರ್ವರಿನ ವಿಳಾಸ ಹೊಡೆದರೆ ಎಲ್ಲ ಪಾಠವೂ ಬರುತ್ತದೆ. ರೂಟರಿಗೆ ಇಂಟರ್ನೆಟ್ ಇರಬೇಕಿಲ್ಲ. ಇದನ್ನು ಜನರಿಗೆ ಅರ್ಥ ಮಾಡಿಸುವುದೇ ನನಗೆ ದೊಡ್ಡ ಕೆಲಸ ಆಗಿತ್ತು, "ನೆಟ್ ಇಲ್ಲದೆ ವೈಫೈ ಹೇಗೆ ಸಾರ್?" ಅಂತ ಎಷ್ಟು ಸಲ ಕೇಳಿಸಿಕೊಂಡೆನೋ. ಪಾಠಗಳನ್ನು ಮಾತ್ರ ನೆಟ್ ಚೆನ್ನಾಗಿರುವ ಕಡೆ ಒಮ್ಮೆ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಹೊತ್ತು ತರಬೇಕು. ವಿಡಿಯೋ ಜಾಸ್ತಿ ಇರುವ ಚಾನೆಲ್‌ಗಳು ಹತ್ತಾರು ಜಿಬಿ ತಿನ್ನುತ್ತವೆ. ಇಡೀ ಚಾನೆಲ್ ಎಳೆಯಬೇಡಿ. ನಿಮ್ಮ ತರಗತಿಗೆ ಬೇಕಾದ ಭಾಗ ಮಾತ್ರ ಆರಿಸಿಕೊಳ್ಳಬಹುದು.

ನನಗೆ ತುಂಬಾ ಹಿಡಿಸಿದ್ದು ಟೀಚರ್‌ಗಳಿಗೆ ಇರುವ ಭಾಗ. ಯಾವ ಮಗು ಯಾವ ಲೆಕ್ಕದಲ್ಲಿ ಎಲ್ಲಿ ತಪ್ಪಿತು, ಎಷ್ಟು ಸಲ ಪ್ರಯತ್ನ ಮಾಡಿತು, ಎಲ್ಲ ಕಾಣುತ್ತದೆ. ನಮ್ಮ ಟೀಚರ್ ಒಬ್ಬರಿಗೆ ಮೊದಲು ಇದರ ಮೇಲೆ ನಂಬಿಕೆ ಇರಲಿಲ್ಲ. ಅರ್ಧ ತರಗತಿ ಭಿನ್ನರಾಶಿಯ ಒಂದೇ ಪ್ರಶ್ನೆಗೆ ಒಂದೇ ಥರ ತಪ್ಪು ಉತ್ತರ ಕೊಟ್ಟಿದ್ದನ್ನು ನೋಡಿ, ಮರುದಿನ ಕಂಪ್ಯೂಟರ್ ಮುಟ್ಟದೆ ಬೋರ್ಡಿನ ಮೇಲೆ ಅದನ್ನು ಮತ್ತೆ ಹೇಳಿಕೊಟ್ಟರು. ಅವತ್ತಿನಿಂದ ವಾರಕ್ಕೊಮ್ಮೆ ತಾವಾಗಿಯೇ ರಿಪೋರ್ಟ್ ತೆಗೆದು ನೋಡುತ್ತಾರೆ.

ಇನ್ನೊಂದು ಚಿಕ್ಕ ವಿಷಯ. ಮಕ್ಕಳು ಪಾಸ್‌ವರ್ಡ್ ಇಲ್ಲದೆ ಬರೀ ಹೆಸರು ಟೈಪ್ ಮಾಡಿ ಒಳಗೆ ಹೋಗುವ ಹಾಗೆ ಮಾಡಬಹುದು. ಚಿಕ್ಕವರಿಗೆ ಅದೇ ಮೊದಲ ಟೈಪಿಂಗ್ ಪಾಠ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಾ, ಒಬ್ಬರ ಹೆಸರಿಗೆ ಐದು ನಿಮಿಷ! ಎರಡು ವಾರದಲ್ಲಿ ಅದು ಐದು ಸೆಕೆಂಡಿಗೆ ಬಂತು.

ಈಗ ಎಡವಿದ ಜಾಗಕ್ಕೆ ಬರುತ್ತೇನೆ. ಮೂರು ತಿಂಗಳಾದ ಮೇಲೆ ನಾನು ಸುಮ್ನೆ ಒಂದು ಪರೀಕ್ಷೆ ಇಟ್ಟೆ. ನಾಲ್ಕು ಸಾಲು ಟೈಪ್ ಮಾಡಿ, ಸೇವ್ ಮಾಡಿ, ನಾಳೆ ಬಂದು ಅದೇ ಫೈಲ್ ತೆರೆಯಿರಿ ಅಂದೆ. ಮರುದಿನ ತೆರೆದವರು ಇಬ್ಬರೇ. ಉಳಿದವರಿಗೆ ಫೈಲ್ ಅಂದರೇನು, ಫೋಲ್ಡರ್ ಅಂದರೇನು ಗೊತ್ತೇ ಇಲ್ಲ, ಯಾಕೆಂದರೆ ಅವರು ಮೂರು ತಿಂಗಳು ಬ್ರೌಸರ್ ಬಿಟ್ಟು ಹೊರಗೆ ಬಂದೇ ಇರಲಿಲ್ಲ, ಕ್ಲಿಕ್ ಮಾಡುವುದು, ನೋಡುವುದು, ಉತ್ತರ ಒತ್ತುವುದು, ಅಷ್ಟೇ. ತಪ್ಪು ಕೋಲಿಬ್ರಿಯದಲ್ಲ. ಅದು ಆ ಕೆಲಸಕ್ಕೆ ಮಾಡಿದ್ದೇ ಅಲ್ಲ, ನಾವೇ ಅದರಿಂದ ಅದನ್ನು ನಿರೀಕ್ಷಿಸಿದ್ದು.

ಆಮೇಲೆ ಪಕ್ಕದಲ್ಲಿ ಬೇರೆ ಕೆಲವನ್ನು ಸೇರಿಸಿದೆವು, ಇವೂ ಪುಕ್ಕಟೆ, ಇವಕ್ಕೂ ನೆಟ್ ಬೇಡ. ಮೌಸ್ ಹಿಡಿಯಲು ಬಾರದವರಿಗೆ ಜಿಕಾಂಪ್ರಿ, 2000ದಿಂದ ಇರುವ ಹಳೆಯ ಆಟಗಳ ಗಂಟು. ಮೌಸ್ ಓಡಿಸಿ ಚಿತ್ರ ಒರೆಸು, ಒಂದು ಕ್ಲಿಕ್, ಎರಡು ಕ್ಲಿಕ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತದೆ. ಚಿತ್ರ ಬಿಡಿಸಲು ಟಕ್ಸ್ ಪೇಂಟ್. ಮಕ್ಕಳಿಗೆ ಪ್ರಾಣ ಅದು. ಆದರೆ ಟಕ್ಸ್ ಪೇಂಟ್‌ನಲ್ಲಿ ಸೇವ್ ಮಾಡುವಾಗ ಫೈಲಿನ ಹೆಸರು ಕೇಳುವುದೇ ಇಲ್ಲ, ಎಲ್ಲಿ ಇಡಲಿ ಅಂತಲೂ ಕೇಳುವುದಿಲ್ಲ. ಪುಟ್ಟ ಮಕ್ಕಳಿಗೆ ಅದು ವರ. ಫೋಲ್ಡರ್ ಕಲಿಸಬೇಕಾದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ದೊಡ್ಡ ಮಕ್ಕಳಿಗೆ ಸ್ಕ್ರ್ಯಾಚ್, ತುಂಡುಗಳನ್ನು ಜೋಡಿಸಿ ಪರದೆಯ ಮೇಲಿನ ಬೆಕ್ಕನ್ನು ಕುಣಿಸಿ ಆಟ ಮಾಡುವ ಪ್ರೋಗ್ರಾಮಿಂಗ್, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟದ್ದು, ಅದರ ನೆಟ್ ಬೇಡದ ಆವೃತ್ತಿ. ತಾನು ಮಾಡಿದ ಬೆಕ್ಕಿನ ಆಟ ನಾಳೆಯೂ ಬೇಕು ಅಂದರೆ ಹೆಸರು ಕೊಟ್ಟು ಎಲ್ಲೋ ಇಡಲೇಬೇಕಲ್ವಾ? ನಾನು ಬೋರ್ಡಿನ ಮೇಲೆ ಬರೆದು ಬರೆದು ತಲೆಗೆ ಹೋಗದ್ದು ಆ ಬೆಕ್ಕಿನಿಂದ ಒಂದೇ ದಿನದಲ್ಲಿ ಹೋಯಿತು.

ಮಗುವಿಗೊಂದು ಕಂಪ್ಯೂಟರ್ ಕೊಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಪೆರು ದೇಶದ ಕಥೆ ಹೇಳಬೇಕು. ಅಲ್ಲಿ ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್ ಯೋಜನೆಯಲ್ಲಿ 319 ಹಳ್ಳಿ ಶಾಲೆಗಳನ್ನು ತೆಗೆದುಕೊಂಡು ಮಾಡಿದ ಅಧ್ಯಯನ 2012ರಲ್ಲಿ ಹೊರಬಂತು. ಲ್ಯಾಪ್‌ಟಾಪ್ ಸಿಕ್ಕ ಶಾಲೆಗಳಲ್ಲಿ ಒಂದು ಮಗುವಿಗೆ 0.12 ಇದ್ದ ಕಂಪ್ಯೂಟರ್ ಪ್ರಮಾಣ 1.18 ಆಯಿತು, ಅಂದರೆ ಮಗುವಿಗೊಂದಕ್ಕಿಂತ ಜಾಸ್ತಿ. ಗಣಿತದ, ಭಾಷೆಯ ಅಂಕಗಳು ಮಾತ್ರ ಮೇಲೇಳಲಿಲ್ಲ. ನಮ್ಮಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು. ಅದೇನೂ ಕೊರತೆ ಅನ್ನಿಸಲಿಲ್ಲ, ಒಬ್ಬರಿಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರು ಹೇಳಿಕೊಡುತ್ತಾರೆ. ಒಂದೇ ತೊಂದರೆ, ಜೋರಿನವರು ಮೌಸ್ ಬಿಡುವುದಿಲ್ಲ. ಹತ್ತು ನಿಮಿಷಕ್ಕೆ ಕೈ ಬದಲಾಯಿಸಬೇಕು ಅಂತ ನಿಯಮ ಮಾಡಿ, ಗಡಿಯಾರ ನೋಡುವ ಕೆಲಸವನ್ನು ಆ ಜೋರಿನವರಿಗೇ ಕೊಟ್ಟೆವು.

ಭಾಷೆಯ ಬಗ್ಗೆ ಒಂದು ಮಾತು. ಚಾನೆಲ್ ಆರಿಸುವ ಮುಂಚೆ ನಿಮ್ಮ ಮಕ್ಕಳ ಭಾಷೆಯಲ್ಲಿ ಎಷ್ಟು ಇದೆ ಅಂತ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಇರುವಷ್ಟು ಬೇರೆ ಭಾಷೆಗಳಲ್ಲಿ ಇಲ್ಲ. ಇದಕ್ಕೆ ಕೋಲಿಬ್ರಿ ಸ್ಟುಡಿಯೋ ಅಂತ ಒಂದು ದಾರಿ ಇದೆ, ಅಲ್ಲಿ ನಮ್ಮದೇ ವಿಡಿಯೋ, ಪಿಡಿಎಫ್, ಪ್ರಶ್ನೆಗಳನ್ನು ಸೇರಿಸಿ ನಮ್ಮದೇ ಚಾನೆಲ್ ಕಟ್ಟಬಹುದು. ನಾವು ಟೀಚರ್ ಮಾತಾಡಿದ್ದನ್ನು ಫೋನಿನಲ್ಲೇ ಹಿಡಿದು ಹಾಕಿದೆವು. ಹಿಂದೆ ನಾಯಿ ಬೊಗಳುವುದು ಕೇಳಿಸುತ್ತದೆ. ಮಕ್ಕಳು ಜಾಸ್ತಿ ಸಲ ನೋಡಿದ್ದು ಅದನ್ನೇ.

ಕರೆಂಟ್ ನೆಚ್ಚಿಕೊಳ್ಳಲಾಗದ ಕಡೆ ಸರ್ವರಿಗೆ ರಾಸ್ಪ್‌ಬೆರಿ ಪೈ ಥರದ ಪುಟ್ಟ ಕಂಪ್ಯೂಟರ್ ಸಾಕು. ಕೆಲವೇ ವ್ಯಾಟ್‌ನಲ್ಲಿ ಓಡುತ್ತದೆ, ಚಿಕ್ಕ ಬ್ಯಾಟರಿ ಇದ್ದರೂ ನಡೆಯುತ್ತದೆ. ಆದರೆ ಅದರ ಪೈ 4 ಮಾದರಿಯಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ನೆಟ್ ಇಲ್ಲದ ಕಡೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ತಾರೀಖು ತಪ್ಪುತ್ತದೆ, ರಿಪೋರ್ಟಿನ ದಿನಗಳೂ ಕಲಸಿಹೋಗುತ್ತವೆ, ಗಡಿಯಾರದ ಚಿಕ್ಕ ಮಾಡ್ಯೂಲ್ ಬೇರೆ ಸಿಗುತ್ತದೆ, ಹಾಕಿಸಿ. ಮತ್ತೆ, ಕೆಲಸ ನಡೆಯುವಾಗ ಫಕ್ಕನೆ ಕರೆಂಟ್ ಹೋದರೆ ಪೈಯ ಎಲ್ಲ ಮಾಹಿತಿ ಇರುವ ಎಸ್‌ಡಿ ಕಾರ್ಡ್ ಕೆಡಬಹುದು. ನಮ್ಮದು ಒಮ್ಮೆ ಕೆಟ್ಟಿತು, ಬ್ಯಾಕಪ್ ಇಟ್ಟಿರಲಿಲ್ಲ, ಒಂದು ತಿಂಗಳ ಮಕ್ಕಳ ದಾಖಲೆ ಹೋಯಿತು. ಈಗ ಪ್ರತಿ ಶುಕ್ರವಾರ ಇನ್ನೊಂದು ಕಾರ್ಡಿಗೆ ನಕಲು ಮಾಡುತ್ತೇವೆ.

ಹಾಕಿಸಿ, ಧಾರಾಳವಾಗಿ ಹಾಕಿಸಿ. ವಾರದಲ್ಲಿ ಎರಡು ದಿನ ಕೋಲಿಬ್ರಿ, ಎರಡು ದಿನ ಅದನ್ನು ಮುಚ್ಚಿಟ್ಟು ಫೈಲು, ಟೈಪಿಂಗು, ಸ್ಕ್ರ್ಯಾಚು. ನಮಗೆ ಕೂತ ಲೆಕ್ಕ ಇದು. ಮೌಸ್ ಮಾತ್ರ ಎರಡು ಜಾಸ್ತಿ ತಗೊಳ್ಳಿ, ಮೊದಲು ಹೋಗುವುದು ಅದೇ.