ಮೊಳವೋ, ಮಾರೋ, ಟೇಪೋ?

ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಒಂದು ಮೊಳ, ಸುಮಾರು 18 ಇಂಚು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು.

ಕೈ ಅಳತೆಗೆ ಖರ್ಚಿಲ್ಲ, ಮನೇಲಿ ಮರೆತು ಬರೋ ಭಯವೂ ಇಲ್ಲ. ತೊಂದರೆ ಒಂದೇ, ಎಲ್ಲರ ಕೈಯೂ ಒಂದೇ ಉದ್ದ ಇರಲ್ಲ. ಹೂವು ಕೊಳ್ಳುವಾಗ ಗಮನಿಸಿ: ಮಾರುವವರ ಕೈಲಿ ಮಾಲೆ ಮೊಣಕೈ ಮುಟ್ಟುವ ಮೊದಲೇ ತಿರುಗಿತೋ, ನಿಮಗೆ ನಾಲ್ಕು ಬೆರಳಷ್ಟು ಮಲ್ಲಿಗೆ ಕಮ್ಮಿ! ಆದರೂ ಹೂವಿಗೆ ಮೊಳವೇ ಚೆಂದ. ಟೇಪ್ ಹಿಡಿದು ಮಲ್ಲಿಗೆ ಅಳೆಯೋದು ಸ್ವಲ್ಪ ಜಾಸ್ತಿಯೇ ಆಯ್ತು, ಅಲ್ವಾ?

ಬಾವಿ ಹಗ್ಗದಂಥ ಉದ್ದದ್ದಕ್ಕೆ ಮಾರು ಹಾಕಿ. ಎರಡೂ ಕೈ ಚಾಚಿ ಎಳೆದರೆ ಬೇಗ ಮುಗಿಯುತ್ತೆ.

ಕಿಟಕಿ ಪರದೆ, ರವಿಕೆ ಬಟ್ಟೆಗೆ ಮಾತ್ರ ಟೇಪೇ ಹಿಡಿಯಿರಿ. ಅಲ್ಲಿ ಎರಡು ಇಂಚು ತಪ್ಪಿದರೂ ಬಟ್ಟೆ ದಂಡ.